'ರೀಟೆಸ್ಟ್' ಅನ್ನುವುದಕ್ಕೆ ಕನ್ನಡದಲ್ಲಿ ಏನು ಹೇಳುತ್ತಾರೆ?

ಬರಹಕ್ಕೆ 'ಮರುಪರೀಕ್ಷೆ' ಸರಿ. ಆದರೆ ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ. ರಕ್ತದ ರಿಪೋರ್ಟ್ ಮೇಲೆ ಅನುಮಾನ ಬಂದರೆ ಅಮ್ಮ 'ಇನ್ನೊಮ್ಮೆ ಟೆಸ್ಟ್ ಮಾಡಿಸು' ಅನ್ನುತ್ತಾರೆ. ಸಾರಿಗೆ ಉಪ್ಪು ಹಾಕಿದ ಮೇಲೆ ಸೌಟಿನಿಂದ ನನ್ನ ಅಂಗೈಗೆ ಎರಡು ಹನಿ ಬಿಟ್ಟು, 'ಈಗ ಮತ್ತೆ ರುಚಿ ನೋಡು'. ಈ 'ನೋಡು' ಒಂದೇ ಎಷ್ಟು ಕೆಲಸ ಮಾಡುತ್ತದೆ, ಅಲ್ವಾ? ಲೆಕ್ಕವಾದರೆ 'ತಾಳೆ ನೋಡು'. ಚಿನ್ನವಾದರೆ 'ಇನ್ನೊಮ್ಮೆ ಒರೆಗೆ ಹಚ್ಚು'.

ಕಾಗದಪತ್ರಕ್ಕೆ 'ಮರುಪರಿಶೀಲನೆ', ಉತ್ತರಪತ್ರಿಕೆಗೆ 'ಮರುಮೌಲ್ಯಮಾಪನ'. ಇವನ್ನು ಅದಲುಬದಲು ಮಾಡಬೇಡಿ. ಇಲ್ಲಿನ ಮರಾಠಿಯಲ್ಲಿ 'ಫೇರ್‌ಪರೀಕ್ಷಾ', 'ಫೇರ್‌ತಪಾಸಣಿ' ಅನ್ನುತ್ತಾರೆ. 'ತಪಾಸಣೆ' ನಮ್ಮಲ್ಲೂ ಇದೆ, ಹಾಗಾಗಿ 'ಮರುತಪಾಸಣೆ' ಎಂದರೆ ಮುಂಬೈ ಕನ್ನಡಿಗರಿಗೆ ಥಟ್ಟನೆ ತಿಳಿಯುತ್ತದೆ. 'ಪುನಃ ಮರುಪರೀಕ್ಷೆ' ಅಂತ ಮಾತ್ರ ಬರೆಯಬೇಡಿ, 'ಮರು' ಅಂದರೇ ಮತ್ತೆ.