ಡಿಫೆನ್ಸ್ ಆಫೀಸಿನಲ್ಲಿ ಪೆನ್‌ಡ್ರೈವ್ ಇಲ್ಲದೆ ಕೆಲಸ ಮಾಡುವುದು ಹೇಗೆ?

ಬೆಂಗಳೂರಿನ ಒಂದು ರಕ್ಷಣಾ ಕಚೇರಿಯಲ್ಲಿ ಎಲ್‌ಡಿಸಿ (ಕೆಳ ದರ್ಜೆ ಗುಮಾಸ್ತ) ಆಗಿ ಸೇರಿ ಮೂರು ವಾರ ಆಯಿತು, ಫೋನ್ ಗೇಟಿನಲ್ಲೇ ಕೊಟ್ಟು ಹೋಗಬೇಕು, ಪೆನ್‌ಡ್ರೈವ್ ಕಂಡರೆ ಕಳ್ಳರನ್ನು ನೋಡಿದ ಹಾಗೆ ನೋಡುತ್ತಾರೆ, ಅರ್ಧ ಆದ ಕೆಲಸ ಮನೆಗೆ ತರುವ ಹಾಗಿಲ್ಲ, ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ಹೇಗೆ ಹೊಂದಿಕೊಳ್ಳಲಿ ಅಂತ ಕೇಳಿದ್ದೀರಿ. ನಾನು ಅಂಥದ್ದೇ ಕಚೇರಿಯಲ್ಲಿ 31 ವರ್ಷ ಸಿವಿಲಿಯನ್ ನೌಕರನಾಗಿದ್ದು ನಿವೃತ್ತನಾದವನು. ಕಚೇರಿಯ ಹೆಸರು ಹೇಳುವುದಿಲ್ಲ. ನೀವೂ ಹೇಳದೆ ಕೇಳಿದ್ದು ಒಳ್ಳೆಯದಾಯಿತು.

"ಕಳ್ಳರ ಹಾಗೆ" ಅಂದಿರಲ್ಲ, ಆ ನೋವು ನನಗೆ ಗೊತ್ತು. ನಮ್ಮಲ್ಲಿ ನಿಷೇಧ ಬಂದ ಹೊಸದು. ನನ್ನ ಸ್ಕೂಟರ್ ಕೀ ಗೊಂಚಲಿನಲ್ಲಿ ಒಂದು ಪುಟ್ಟ ಪೆನ್‌ಡ್ರೈವ್ ಸೇರಿಕೊಂಡಿತ್ತು. ಹಿಂದಿನ ದಿನ ತಂಗಿಯ ಗೃಹಪ್ರವೇಶದ ಫೋಟೊ ಪ್ರಿಂಟ್ ಹಾಕಿಸಲು ಸ್ಟುಡಿಯೋಕ್ಕೆ ಕೊಟ್ಟು ವಾಪಸ್ ಪಡೆದದ್ದು, ಮರೆತೇ ಹೋಗಿತ್ತು. ಗೇಟಿನಲ್ಲಿ ಕಾವಲಿದ್ದ ಡಿಎಸ್‌ಸಿ (ರಕ್ಷಣಾ ಭದ್ರತಾ ದಳ) ಜವಾನ ಗೊಂಚಲನ್ನು ಅಂಗೈಮೇಲೆ ಇಟ್ಟುಕೊಂಡು ಒಂದೊಂದೇ ಕೀ ಸರಿಸಿದ. ಕೊನೆಗೆ ಅದು ಸಿಕ್ಕಿತು. "ಯೇ ಕ್ಯಾ ಹೈ ಸಾಬ್?" ಎರಡು ಗಂಟೆ ಗಾರ್ಡ್ ರೂಮಿನ ಬೆಂಚಿನ ಮೇಲೆ ಕೂತೆ. ದಿನಾ ನಮಸ್ಕಾರ ಹೇಳುತ್ತಿದ್ದವರೆಲ್ಲ ನನ್ನನ್ನು ನೋಡಿಕೊಂಡೇ ಒಳಗೆ ಹೋದರು. ಆಮೇಲೆ ಲಿಖಿತ ವಿವರಣೆ ಕೊಟ್ಟೆ. ಆ ರಾತ್ರಿ ಊಟ ಸೇರಲಿಲ್ಲ. ಇಷ್ಟು ವರ್ಷ ದುಡಿದ ಮೇಲೂ ನಂಬಿಕೆ ಇಲ್ಲವಾ ಅಂತ ಕಣ್ಣಲ್ಲಿ ನೀರು ಬಂತು.

ಮನಸ್ಸು ಬದಲಾದದ್ದು ಮೂರು ದಿನ ಬಿಟ್ಟು. ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದ ಹುಡುಗ ನನ್ನನ್ನು ಕರೆದು, ಯಾವ ಜಾಲಕ್ಕೂ ಸೇರದ ಒಂದು ಲಿನಕ್ಸ್ ಕಂಪ್ಯೂಟರಿನಲ್ಲಿ ಅದೇ ಪೆನ್‌ಡ್ರೈವ್ ತೆರೆದು ತೋರಿಸಿದ. ಗೃಹಪ್ರವೇಶ ಅಂತ ಹೆಸರಿಟ್ಟಿದ್ದ ಫೋಲ್ಡರಿನ ಪಕ್ಕದಲ್ಲಿ ಅದೇ ಹೆಸರಿನ ಇನ್ನೊಂದು. ನೋಡಲು ಅದೇ ಹಳದಿ ಫೋಲ್ಡರಿನ ಚಿತ್ರ, ಆದರೆ ಹೆಸರಿನ ಕೊನೆಗೆ ಡಾಟ್ ಇಎಕ್ಸ್‌ಇ, ಅಂದರೆ ಅದು ಫೋಲ್ಡರ್ ಅಲ್ಲ, ಒತ್ತಿದರೆ ಓಡುವ ಪ್ರೋಗ್ರಾಂ. ಅದರ ಕೆಳಗೆ ನಾನು ಯಾವತ್ತೂ ಮಾಡದ ಆಟೋರನ್ ಫೈಲು, ಪೆನ್‌ಡ್ರೈವ್ ಚುಚ್ಚಿದ ಕೂಡಲೇ ಪ್ರೋಗ್ರಾಂ ತಾನಾಗಿ ಓಡುವ ಹಾಗೆ ಮಾಡುವಂಥದ್ದು. ಸ್ಟುಡಿಯೋದ ಕಂಪ್ಯೂಟರಿನಿಂದ ಹತ್ತಿಕೊಂಡು ಬಂದದ್ದು. ನಾನು ಶುದ್ಧ ಮನುಷ್ಯನೇ ಇರಬಹುದು, ನನ್ನ ಜೇಬಿನಲ್ಲಿದ್ದದ್ದು ಶುದ್ಧವಾಗಿರಲಿಲ್ಲ. ಆ ಜವಾನ ತಡೆದದ್ದು ಅದನ್ನು.

ಇದು ಬರೀ ನಮ್ಮ ಕಚೇರಿಯ ಭಯ ಅಲ್ಲ. 2008ರಲ್ಲಿ ಮಧ್ಯಪ್ರಾಚ್ಯದ ಒಂದು ಅಮೆರಿಕನ್ ಸೇನಾ ನೆಲೆಯಲ್ಲಿ ಲ್ಯಾಪ್‌ಟಾಪಿಗೆ ಚುಚ್ಚಿದ ಒಂದೇ ಪೆನ್‌ಡ್ರೈವಿನಿಂದ ಏಜೆಂಟ್ ಡಾಟ್ ಬಿಟಿಝಡ್ ಅನ್ನುವ ವೈರಸ್ ಅವರ ಬಹಿರಂಗ ಜಾಲ, ರಹಸ್ಯ ಜಾಲ ಎರಡಕ್ಕೂ ಹಬ್ಬಿತು. ಆ ನವೆಂಬರಿನಲ್ಲಿ ಪೆಂಟಗನ್ ಪೆನ್‌ಡ್ರೈವ್‌ಗಳನ್ನೇ ನಿಷೇಧಿಸಿತು. 2010ರ ಫೆಬ್ರವರಿಯಲ್ಲಿ ಸಡಿಲಿಸಿದ್ದೂ ಷರತ್ತು ಹಾಕಿಯೇ. ನಮ್ಮ ದೇಶದಲ್ಲಿ 2012ರಲ್ಲಿ ವಿಶಾಖಪಟ್ಟಣದ ಪೂರ್ವ ನೌಕಾ ಕಮಾಂಡಿನ ಸುದ್ದಿ ಪತ್ರಿಕೆಗಳಲ್ಲಿ ಬಂತು. ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿಗೆ ಪೆನ್‌ಡ್ರೈವ್ ಹಾಕಿದಾಗ ಅದರೊಳಗಿನ ವೈರಸ್ ಬೇಕಾದ ಪದಗಳಿರುವ ಫೈಲುಗಳನ್ನು ಹುಡುಕಿ, ಒಂದು ಅಡಗಿದ ಫೋಲ್ಡರಿನಲ್ಲಿ ತುಂಬಿಕೊಳ್ಳುತ್ತಿತ್ತಂತೆ. ಅದೇ ಪೆನ್‌ಡ್ರೈವನ್ನು ಇಂಟರ್‌ನೆಟ್ ಇರುವ ಕಂಪ್ಯೂಟರಿಗೆ ಹಾಕಿದ ಕೂಡಲೇ ಹೊರಗೆ ಕಳಿಸುತ್ತಿತ್ತಂತೆ. ಎರಡು ಕಂಪ್ಯೂಟರಿನ ಮಧ್ಯೆ ತಂತಿ ಇಲ್ಲ ನಿಜ, ಆದರೆ ನಡೆದುಕೊಂಡು ಹೋಗುವ ನೀವೇ ತಂತಿ ಆಗಿಬಿಡುತ್ತೀರಿ. ನನಗೆ ಇಡೀ ನಿಷೇಧ ಅರ್ಥವಾದದ್ದು ಈ ಒಂದು ಮಾತಿನಿಂದ.

ಆಂಟಿವೈರಸ್ ಇದೆ, ಫಾರ್ಮ್ಯಾಟ್ ಮಾಡಿ ತರುತ್ತೇನೆ ಅನ್ನುವವರು ಈಗಲೂ ಇದ್ದಾರೆ. 2010ರಲ್ಲಿ ಬೆಳಕಿಗೆ ಬಂದ ಸ್ಟಕ್ಸ್‌ನೆಟ್ ಅನ್ನುವ ವೈರಸ್‌ಗೆ ಆಟೋರನ್ ಬೇಕೇ ಇರಲಿಲ್ಲ, ಪೆನ್‌ಡ್ರೈವ್ ತೆರೆದು ಅದರ ಐಕಾನ್ ಪರದೆ ಮೇಲೆ ಮೂಡಿದರೆ ಸಾಕಿತ್ತು. 2014ರಲ್ಲಿ ಜರ್ಮನಿಯ ಸಂಶೋಧಕರು ಪೆನ್‌ಡ್ರೈವಿನ ಒಳಗಿನ ಚಿಪ್ಪಿನಲ್ಲಿರುವ ಪ್ರೋಗ್ರಾಮನ್ನೇ ಬದಲಾಯಿಸಿ, ಅದು ತಾನು ಕೀಬೋರ್ಡ್ ಅಂತ ಕಂಪ್ಯೂಟರನ್ನು ನಂಬಿಸುವ ಹಾಗೆ ಮಾಡಿ ತೋರಿಸಿದರು. ಅದು ಫಾರ್ಮ್ಯಾಟ್ ಮಾಡಿದರೆ ಹೋಗುವಂಥದ್ದಲ್ಲ.

ಇನ್ನು ದಿನದ ಕೆಲಸ. ಇಂಟರ್‌ನೆಟ್ ಕಂಪ್ಯೂಟರಿನಿಂದ ಒಳಗಿನ ಕಂಪ್ಯೂಟರಿಗೆ ಏನಾದರೂ ತರಬೇಕಾದರೆ ಕಚೇರಿಯದ್ದೇ ದಾರಿ ಇರುತ್ತದೆ: ನಂಬರ್ ಹಾಕಿದ ಸಿಡಿ ಅಥವಾ ಅನುಮತಿ ಪಡೆದ ಸಾಧನ, ಸ್ಕ್ಯಾನಿಂಗ್, ರಿಜಿಸ್ಟರಿನಲ್ಲಿ ಸಹಿ. ಸಿಡಿಗೂ ಲೆಕ್ಕ ಯಾಕೆ ಅಂದರೆ, ಇರಾಕಿನಲ್ಲಿದ್ದ ಅಮೆರಿಕದ ಸೇನಾ ವಿಶ್ಲೇಷಕರೊಬ್ಬರು 2010ರಲ್ಲಿ ರಾಶಿಗಟ್ಟಲೆ ರಹಸ್ಯ ದಾಖಲೆ ಹೊರಗೆ ಒಯ್ದದ್ದು ಮತ್ತೆ ಮತ್ತೆ ಬರೆಯಬಹುದಾದ ಸಿಡಿಯಲ್ಲಿ. ಸಂಜೆ ನಾಲ್ಕೂವರೆಗೆ ಓಡಿದರೆ ರಿಜಿಸ್ಟರ್ ಇಟ್ಟವರು ಸೀಟಿನಲ್ಲಿ ಇರುವುದಿಲ್ಲ. ನಾನು ಬೇಕಾದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಊಟ ಆದಮೇಲೆ ಒಮ್ಮೆ ಹೋಗುತ್ತಿದ್ದೆ. ಅಷ್ಟರಿಂದಲೇ ಅರ್ಧ ಕಿರಿಕಿರಿ ಹೋಯಿತು.

ಚಿಕ್ಕದಾದರೆ ಪ್ರಿಂಟ್ ತೆಗೆದು ಮತ್ತೆ ಟೈಪ್ ಮಾಡಿಬಿಡಿ. ಒಂದು ವರ್ಷ ನವೆಂಬರಿನಲ್ಲಿ ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಸ್ವಾಗತ ಭಾಷಣ ಮನೆಯಲ್ಲಿ ನುಡಿ ತಂತ್ರಾಂಶದಲ್ಲಿ ಕುಟ್ಟಿದ್ದೆ. ಗೇಟಿನಲ್ಲಿ ತೋರಿಸಿ ಕಾಗದದಲ್ಲೇ ತಂದು, ಕೂತು ಮತ್ತೆ ಟೈಪ್ ಮಾಡಿದೆ. ಎರಡು ಪುಟ, ಮುಕ್ಕಾಲು ಗಂಟೆ. ಮಾಡುತ್ತಾ ಮಾಡುತ್ತಾ ನಾಲ್ಕು ಸಾಲು ಕಡಿಮೆಯೂ ಆಯಿತು, ಭಾಷಣ ಚೆನ್ನಾಯಿತು.

ಕೆಲಸ ಮನೆಗೆ ತರಲು ಆಗದು ಅನ್ನುವ ಕೊರಗು ಬಿಡಿ. ಕಚೇರಿಯ ವಿಷಯ ನಿಮ್ಮ ನೋಟ್‌ಬುಕ್ಕಿನಲ್ಲಿ ಗೀಚಿಕೊಂಡು ತರುವುದೂ ತಪ್ಪೇ. ಮನೆಗೆ ತರಬಹುದಾದದ್ದು ಕಲಿಕೆ ಮಾತ್ರ. ಎಕ್ಸೆಲ್ಲಿನಲ್ಲಿ ಸೂತ್ರ ಬರುತ್ತಿಲ್ಲವೇ, ಮನೆಯ ಕಂಪ್ಯೂಟರಿನಲ್ಲಿ ದಿನಸಿ ಲೆಕ್ಕ ಹಾಕಿ ಅಭ್ಯಾಸ ಮಾಡಿ. ನನ್ನ ಮಾಸಿಕ ವರದಿಗೆ ಮೊದಲು ಎರಡು ದಿನ ಹಿಡಿಯುತ್ತಿತ್ತು. ಕಚೇರಿಯ ಕಂಪ್ಯೂಟರಿನಲ್ಲೇ ಖಾಲಿ ನಮೂನೆಗಳನ್ನು ಮಾಡಿಟ್ಟ ಮೇಲೆ ಅರ್ಧ ದಿನಕ್ಕೆ ಮುಗಿಯತೊಡಗಿತು.

ಎಲ್ಲಕ್ಕಿಂತ ಕಷ್ಟ, ಮೇಲಿನವರೇ "ಬೇಗ ಬೇಕು, ಹಾಕ್ರೀ ಏನಾಗಲ್ಲ" ಅಂದಾಗ. ಎದುರು ವಾದಿಸಬೇಡಿ. "ಸರ್, ಎಂಟ್ರಿ ಮಾಡಿಸಿ ಹತ್ತು ನಿಮಿಷದಲ್ಲಿ ತರ್ತೀನಿ" ಅಂತ ಎದ್ದುಬಿಡಿ. ಯಾವ ಪೆನ್‌ಡ್ರೈವ್, ಅದರ ಸೀರಿಯಲ್ ನಂಬರ್, ಮೊದಲು ಯಾವಾಗ ಹಾಕಿದ್ದು, ಕೊನೆಗೆ ಯಾವಾಗ, ಎಲ್ಲವನ್ನೂ ವಿಂಡೋಸ್ ತನ್ನೊಳಗೆ ಬರೆದಿಟ್ಟುಕೊಳ್ಳುತ್ತದೆ. ಆಡಿಟ್ ಬಂದ ದಿನ ಅಲ್ಲಿ ಇರುವುದು ನಿಮ್ಮ ಲಾಗಿನ್, ಬಾಯಲ್ಲಿ ಹೇಳಿದವರ ಹೆಸರು ಇರುವುದಿಲ್ಲ. ಫೋನ್ ಚಾರ್ಜಿಗೆ ಹಾಕಿದರೂ ಅದೇ ದಾಖಲೆ. ನಮ್ಮಲ್ಲಿ ಒಬ್ಬರು ಚಾರ್ಜ್ ಮಾತ್ರ ಸ್ವಾಮಿ ಅಂತ ಎಷ್ಟು ಹೇಳಿದರೂ ವಿಚಾರಣೆ ತಪ್ಪಲಿಲ್ಲ.

ಅಕಸ್ಮಾತ್ ತಪ್ಪಿ ಹಾಕಿಬಿಟ್ಟರೆ ಏನನ್ನೂ ಅಳಿಸಲು ಹೋಗಬೇಡಿ. ಆ ಕಂಪ್ಯೂಟರನ್ನು ಮುಟ್ಟದೆ, ಅದೇ ಗಳಿಗೆಯಲ್ಲಿ ಸೆಕ್ಯುರಿಟಿ ಆಫೀಸರ್ ಹತ್ತಿರ ಹೋಗಿ ಹೇಳಿ. ತಾನಾಗಿ ಬಂದು ಹೇಳಿದವರಿಗೂ ಮುಚ್ಚಿಟ್ಟು ಸಿಕ್ಕಿಬಿದ್ದವರಿಗೂ ಆಗುವ ವ್ಯತ್ಯಾಸ ನಾನು ಕಣ್ಣಾರೆ ನೋಡಿದ್ದೇನೆ.

ಬೆಳಿಗ್ಗೆ ಹೊರಡುವಾಗ ಕೀ ಗೊಂಚಲು, ಬ್ಯಾಗಿನ ಚಿಕ್ಕ ಜಿಪ್ಪು, ಕಾರಿನ ಮ್ಯೂಸಿಕ್ ಸಿಸ್ಟಮ್, ಕೈಯಲ್ಲಿರುವ ಸ್ಮಾರ್ಟ್ ವಾಚು, ಇಷ್ಟು ನೋಡಿಕೊಳ್ಳಿ.

ಅಮ್ಮನ ವಿಷಯ. ನಿಮ್ಮ ಸೆಕ್ಷನ್ ಮುಖ್ಯಸ್ಥರಿಗೆ ಪರಿಸ್ಥಿತಿ ಹೇಳಿ, ಸೆಕ್ಷನ್ನಿನ ಲ್ಯಾಂಡ್‌ಲೈನ್ ನಂಬರನ್ನು ಮನೆಯವರಿಗೆ ಕೊಡಬಹುದಾ ಕೇಳಿ. ಬೇಡ ಅಂದವರನ್ನು ನಾನು ಕಂಡಿಲ್ಲ. ಆ ನಂಬರನ್ನು ಊರಿನ ಮನೆಯ ಕ್ಯಾಲೆಂಡರ್ ಮೇಲೆ ದಪ್ಪಕ್ಷರದಲ್ಲಿ ಬರೆಸಿ, ಪಕ್ಕದ ಮನೆಯವರಿಗೂ ಕೊಡಿಸಿ. ಡಾಕ್ಟರದ್ದು, ಅಣ್ಣತಮ್ಮಂದಿರದ್ದು, ಆಂಬ್ಯುಲೆನ್ಸಿನದ್ದು ನಿಮ್ಮ ಜೇಬಿನ ಡೈರಿಯಲ್ಲಿ ಇರಲಿ, ಫೋನ್ ಗೇಟಿನಲ್ಲಿದ್ದಾಗ ಯಾವ ನಂಬರೂ ಬಾಯಿಗೆ ಬರುವುದಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಹೊರಗೆ ಬಿಡುತ್ತಾರಾದರೆ ಟೋಕನ್ ಕೊಟ್ಟು ಫೋನ್ ಪಡೆದು ಐದು ನಿಮಿಷ ಅಮ್ಮನ ಹತ್ತಿರ ಮಾತಾಡಿ. ನನ್ನ ತಂದೆ ಆಸ್ಪತ್ರೆ ಸೇರಿದ ಸುದ್ದಿ ನನಗೆ ಬಂದದ್ದು ಆ ಲ್ಯಾಂಡ್‌ಲೈನಿಗೇ. ಫೋನ್ ಎತ್ತಿದ ಹವಾಲ್ದಾರರು ನನ್ನ ಸೀಟಿನ ತನಕ ಓಡಿ ಬಂದಿದ್ದರು.