ಚಿಕ್ಕಪ್ಪನ ದುಡ್ಡು ತೋರಿಸಿ ವೀಸಾ ತಗೋಬಹುದಾ?

ಪ್ರಶ್ನೆ: ಸಾರ್, ಬಿಇ ಮುಗಿಸಿದ್ದೇನೆ. ಇಂಗ್ಲೆಂಡಿನಲ್ಲಿ ಒಂದು ವರ್ಷದ ಎಂಎಸ್ಸಿಗೆ ಸೀಟು ಸಿಕ್ಕಿದೆ. ಅಪ್ಪ ಶಿಡ್ಲಘಟ್ಟದಲ್ಲಿ ರೀಲರ್, ರೇಷ್ಮೆ ಗೂಡಿನಿಂದ ನೂಲು ತೆಗೆಯುವ ಕೆಲಸ. ದಿನಾ ಮಾರುಕಟ್ಟೆಯಲ್ಲಿ ಗೂಡು ತರಬೇಕು, ಹಾಗಾಗಿ ಖಾತೆಯಲ್ಲಿ ದುಡ್ಡು ನಿಲ್ಲುವುದೇ ಇಲ್ಲ. ಸ್ವಲ್ಪ ಜಮೀನಿದೆ, ಸ್ವಂತ ಮನೆ ಇದೆ. ಚಿಕ್ಕಪ್ಪ ಅವರ ಖಾತೆಯ ಸ್ಟೇಟ್‌ಮೆಂಟ್ ಕೊಡುತ್ತೇನೆ ಅನ್ನುತ್ತಾರೆ. ಏಜೆಂಟ್ ಬೇರೆ, ಕಮಿಷನ್ ಕೊಟ್ಟರೆ ಒಂದು ತಿಂಗಳ ಮಟ್ಟಿಗೆ ನಿಮ್ಮ ಖಾತೆಗೆ ದುಡ್ಡು ಹಾಕಿಸಿ ಆಮೇಲೆ ವಾಪಸ್ ತಗೋತೀವಿ ಅಂತಾರೆ. ಯಾವುದು ಸರಿ?
— ಹೆಸರು ಬೇಡ, ಶಿಡ್ಲಘಟ್ಟ

ಉತ್ತರ: ಎರಡೂ ಬೇಡಮ್ಮ.

ಮೊದಲು ಚಿಕ್ಕಪ್ಪನ ವಿಷಯ. ಬ್ರಿಟನ್ನಿನ ಸ್ಟೂಡೆಂಟ್ ವೀಸಾಕ್ಕೆ ನಿಮ್ಮ ಖಾತೆಯ ದುಡ್ಡು ನಡೆಯುತ್ತದೆ, ಅಪ್ಪ ಅಮ್ಮನ ಖಾತೆಯದ್ದು ನಡೆಯುತ್ತದೆ. ಚಿಕ್ಕಪ್ಪ, ಸೋದರಮಾವ, ಅಜ್ಜ ಎಷ್ಟೇ ಶ್ರೀಮಂತರಾದರೂ ಅವರ ಸ್ಟೇಟ್‌ಮೆಂಟ್ ಲೆಕ್ಕಕ್ಕಿಲ್ಲ. ಅವರಿಗೆ ನಿಜವಾಗಲೂ ಕೊಡುವ ಮನಸ್ಸಿದ್ದರೆ ನಿಮ್ಮ ಖಾತೆಗೇ ಹಾಕಲಿ, ಕೊಟ್ಟಿದ್ದೇನೆ ಅಂತ ಒಂದು ಪತ್ರ ಬರೆದುಕೊಡಲಿ. ಅಪ್ಪನ ತಮ್ಮ ಕೊಟ್ಟ ಉಡುಗೊರೆಗೆ ನಿಮಗೆ ಇನ್‌ಕಮ್ ಟ್ಯಾಕ್ಸ್ ಬೀಳುವುದಿಲ್ಲ, ಆ ಭಯ ಬೇಡ.

ಏಜೆಂಟ್ ಹೇಳಿದ್ದು ಬೇರೆ ಥರ. ತಿಂಗಳಾದ ಮೇಲೆ ವಾಪಸ್ ಹೋಗುವ ದುಡ್ಡು ನಿಮ್ಮ ದುಡ್ಡಲ್ಲ. ಅದನ್ನು ನಮ್ಮದು ಅಂತ ತೋರಿಸಿ ಸಿಕ್ಕಿಬಿದ್ದರೆ ಈ ಸಲದ ವೀಸಾ ಹೋಗುವುದಷ್ಟೇ ಅಲ್ಲ, ಮೋಸ ಅಂತ ಬರೆದರೆ ಹತ್ತು ವರ್ಷ ಆ ದೇಶದ ಬಾಗಿಲು ಮುಚ್ಚಬಹುದು, ಮುಂದೆ ಬೇರೆ ದೇಶದ ಅರ್ಜಿಯಲ್ಲೂ 'ಹಿಂದೆ ವೀಸಾ ನಿರಾಕರಣೆ ಆಗಿದೆಯಾ' ಅನ್ನುವ ಪ್ರಶ್ನೆಗೆ ಹೌದು ಅಂತ ಬರೆಯುತ್ತಾ ಇರಬೇಕು. ಅಷ್ಟೊತ್ತಿಗೆ ಕಮಿಷನ್ ತಗೊಂಡವರು ಫೋನ್ ಎತ್ತುವುದಿಲ್ಲ ಬಿಡಿ.

ಈಗ ನಿಮ್ಮ ನಿಜವಾದ ತೊಂದರೆಗೆ ಬರೋಣ. ಯೂನಿವರ್ಸಿಟಿ ಕೊಡುವ ಸಿಎಎಸ್‌ನಲ್ಲಿ (ಸೀಟು ಖಚಿತ ಅನ್ನುವ ದಾಖಲೆ, ವೀಸಾ ಅರ್ಜಿಗೆ ಬೇಕು) ಒಟ್ಟು ಫೀಸು ಎಷ್ಟು, ಎಷ್ಟು ಕಟ್ಟಿದ್ದೀರಿ ಅಂತ ಇರುತ್ತದೆ. ಉಳಿದ ಫೀಸು, ಅದರ ಮೇಲೆ ಒಂಬತ್ತು ತಿಂಗಳ ಊಟ ವಸತಿ ಖರ್ಚು (ಲಂಡನ್ ಆದರೆ ಜಾಸ್ತಿ, ಬೇರೆ ಊರಾದರೆ ಕಮ್ಮಿ), ಇಷ್ಟು ದುಡ್ಡು ಸತತವಾಗಿ 28 ದಿನ ಖಾತೆಯಲ್ಲಿ ಕೂತಿರಬೇಕು. ಒಂದೇ ಒಂದು ದಿನ ಕಮ್ಮಿಯಾದರೂ ಲೆಕ್ಕ ಮೊದಲಿಂದ ಶುರು. 28ನೇ ದಿನದಿಂದ 31 ದಿನದೊಳಗೆ ಅರ್ಜಿ ಹಾಕಬೇಕು.

ರೀಲರ್ ಮನೆಗೆ ಇದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತು. ಇಪ್ಪತ್ತನೇ ದಿನ ಒಳ್ಳೆ ಲಾಟು ಹರಾಜಿಗೆ ಬಂತು, ಅಪ್ಪ ನಾಳೆ ಹಾಕ್ತೀನಿ ಬಿಡು ಅಂತ ನಲವತ್ತು ಸಾವಿರ ತೆಗೆದರು, ಮುಗೀತು. ಅದಕ್ಕೇ ವ್ಯಾಪಾರದ ಖಾತೆ ತೋರಿಸಲೇಬೇಡಿ. ನಿಮ್ಮ ಹೆಸರಲ್ಲಿ ಒಂದು ಉಳಿತಾಯ ಖಾತೆ ತೆರೆದು ಅದರಲ್ಲಿಡಿ. ಎಟಿಎಂ ಕಾರ್ಡು ಅಪ್ಪನ ಕೈಗೆ ಕೊಡಬೇಡಿ, ತಮಾಷೆಗೆ ಹೇಳುತ್ತಿಲ್ಲ. ಊರಿನ ಸಹಕಾರ ಸಂಘಕ್ಕಿಂತ ರಾಷ್ಟ್ರೀಕೃತ ಬ್ಯಾಂಕ್ ವಾಸಿ, ವೀಸಾ ಅಧಿಕಾರಿಗಳು ಬ್ಯಾಂಕಿಗೆ ಕೇಳಿ ಪರಿಶೀಲಿಸಬಹುದು, ಆಗ ಉತ್ತರ ಹೋಗಬೇಕಲ್ಲ. ರೂಪಾಯಿ ಪೌಂಡ್ ಲೆಕ್ಕವನ್ನು ಅರ್ಜಿ ಹಾಕುವ ದಿನದ ದರದಲ್ಲಿ ನೋಡುತ್ತಾರೆ, ಆದ್ದರಿಂದ ಕರೆಕ್ಟಾಗಿ ಅಷ್ಟೇ ಇಡದೆ ಸ್ವಲ್ಪ ಜಾಸ್ತಿ ಇರಲಿ.

ಅಪ್ಪನ ಖಾತೆಯೇ ತೋರಿಸುವುದಾದರೆ ನಿಮ್ಮ ಜನನ ಪ್ರಮಾಣಪತ್ರ, ಜೊತೆಗೆ ಅಪ್ಪ ಒಪ್ಪಿ ಸಹಿ ಹಾಕಿದ ಪತ್ರ ಬೇಕು. ಜನನ ಪತ್ರ ಈಗಲೇ ತೆಗೆದು ನೋಡಿ. ಹಳೇ ಪತ್ರಗಳಲ್ಲಿ ಮಗುವಿನ ಹೆಸರಿನ ಜಾಗ ಖಾಲಿಯೇ ಇರುತ್ತದೆ, ಅಪ್ಪನ ಇನಿಷಿಯಲ್ ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟಿನಲ್ಲಿ ಇನ್ನೊಂದು. ಇದನ್ನೆಲ್ಲ ಸರಿ ಮಾಡಿಸಲು ವೀಸಾಕ್ಕಿಂತ ಜಾಸ್ತಿ ದಿನ ಹಿಡಿಯುತ್ತದೆ.

ಜಮೀನು, ಒಡವೆ, ಷೇರು ಯಾವುದೂ ದುಡ್ಡು ಅಂತ ಎಣಿಸುವುದಿಲ್ಲ. ಪಹಣಿ ಕಳಿಸಿ ಏನೂ ಉಪಯೋಗವಿಲ್ಲ. ನನ್ನನ್ನು ಕೇಳಿದರೆ ನಿಮಗೆ ಸರಿಹೊಂದುವುದು ಬ್ಯಾಂಕಿನ ಶಿಕ್ಷಣ ಸಾಲ. ಸಾಲಕ್ಕೆ 28 ದಿನದ ನಿಯಮ ಇಲ್ಲ. ಮಂಜೂರಾತಿ ಪತ್ರ ನಿಮ್ಮ ಹೆಸರಿನಲ್ಲಿರಬೇಕು, ಆರು ತಿಂಗಳಿಗಿಂತ ಹಳೆಯದಾಗಿರಬಾರದು. ಅಡಮಾನಕ್ಕೆ ಕೃಷಿ ಜಮೀನು ಅಂದರೆ ಸಾಮಾನ್ಯವಾಗಿ ಬ್ಯಾಂಕಿನವರು ಬೇಡ ಅಂತ ತಲೆ ಅಲ್ಲಾಡಿಸುತ್ತಾರೆ, ಮನೆ ಆಗಬಹುದು. ಅದಕ್ಕೆ ಇ-ಖಾತಾ ಆಗಿದೆಯಾ ನೋಡಿ. ಅಪ್ಪನ ಗೂಡಿನ ಬಂಡವಾಳ ಮುಟ್ಟದೆ ಕೆಲಸ ಆಗುವುದು ಇದೊಂದರಲ್ಲೇ.

ಇನ್ನೊಂದು ಖರ್ಚು ಬಹಳ ಜನ ಮರೆಯುತ್ತಾರೆ. ಅಲ್ಲಿನ ಸರ್ಕಾರಿ ಆಸ್ಪತ್ರೆ ಸೇವೆಗೆ ವರ್ಷಕ್ಕೆ 776 ಪೌಂಡ್ ಶುಲ್ಕ ಅರ್ಜಿಯ ಜೊತೆಗೇ ಕಟ್ಟಬೇಕು. ಕೋರ್ಸ್ ಒಂದು ವರ್ಷದ್ದಾದರೂ ವೀಸಾ ಅದಕ್ಕಿಂತ ನಾಲ್ಕೈದು ತಿಂಗಳು ಜಾಸ್ತಿ ಇರುವುದರಿಂದ ಒಂದೂವರೆ ವರ್ಷದ ಲೆಕ್ಕ ಹಾಕುತ್ತಾರೆ, ಅಂದರೆ 1,164 ಪೌಂಡ್. ವೀಸಾ ಫೀಸು ಇದರಲ್ಲಿ ಸೇರಿಲ್ಲ.

ಪ್ರಶ್ನೆ: ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂ ಓದಿದವನು. ಬ್ರಿಟನ್ ವೀಸಾಕ್ಕೆ ಇಂಟರ್‌ವ್ಯೂ ಮಾಡುತ್ತಾರಂತೆ, ಭಯ ಆಗುತ್ತಿದೆ. ಏಜೆಂಟ್ ಉತ್ತರಗಳ ಪಿಡಿಎಫ್ ಕೊಟ್ಟು ಬಾಯಿಪಾಠ ಮಾಡು ಅಂದಿದ್ದಾರೆ.
— ಚಿಂತಾಮಣಿಯ ಓದುಗ

ಉತ್ತರ: ಆ ಪಿಡಿಎಫ್ ಡಿಲೀಟ್ ಮಾಡಿ. ಅದೇ ಸಾಲುಗಳನ್ನು ನಿಮಗಿಂತ ಮುಂಚೆ ಎಷ್ಟೋ ಜನ ಒಪ್ಪಿಸಿರುತ್ತಾರೆ, ಎದುರಿಗೆ ಕೂತವರಿಗೆ ಮೊದಲ ಮಾತಿಗೇ ಗೊತ್ತಾಗುತ್ತದೆ. ಇಂಟರ್‌ವ್ಯೂ ಎಲ್ಲರಿಗೂ ಇರುವುದಿಲ್ಲ. ಇದ್ದರೆ ಕೇಳುವುದು ಇಷ್ಟೇ: ಈ ಕೋರ್ಸ್ ಯಾಕೆ, ಈ ಯೂನಿವರ್ಸಿಟಿ ಯಾಕೆ, ಇಲ್ಲೇ ಯಾಕೆ ಓದಬಾರದು, ದುಡ್ಡು ಯಾರು ಕೊಡುತ್ತಾರೆ, ಎಲ್ಲಿ ಇರುತ್ತೀರಿ. 'ವರ್ಲ್ಡ್ ಕ್ಲಾಸ್ ಎಜುಕೇಶನ್' ಅನ್ನಬೇಡಿ. ಕೋರ್ಸಿನ ಎರಡು ವಿಷಯಗಳ ಹೆಸರು ಹೇಳಿ, ನೀವು ಕಾಲೇಜಲ್ಲಿ ಮಾಡಿದ ಪ್ರಾಜೆಕ್ಟಿಗೂ ಅದಕ್ಕೂ ಏನು ಸಂಬಂಧ ಅಂತ ಹೇಳಿ. ಫೀಸಿನ ಮೊತ್ತ ನಾಲಿಗೆ ತುದಿಯಲ್ಲಿರಲಿ. ಅಲ್ಲಿ ಕೆಲಸ ಮಾಡಿ ಫೀಸು ಕಟ್ಟುತ್ತೇನೆ ಅಂತ ಮಾತ್ರ ಬಾಯಿ ತಪ್ಪಿಯೂ ಹೇಳಬೇಡಿ, ತರಗತಿ ನಡೆಯುವಾಗ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ, ಅದರಲ್ಲಿ ಫೀಸು ಹುಟ್ಟುವುದೂ ಇಲ್ಲ. ಇಂಗ್ಲಿಷ್ ನಿಧಾನವಾದರೆ ನಿಧಾನವಾಗಲಿ. ಪ್ರಶ್ನೆ ಅರ್ಥವಾಗದಿದ್ದರೆ ಇನ್ನೊಂದು ಸಲ ಕೇಳಿ ಅನ್ನಿ, ಅದಕ್ಕೆ ಯಾರೂ ಮಾರ್ಕ್ಸ್ ಕಳೆಯುವುದಿಲ್ಲ.

ಪ್ರಶ್ನೆ: ಬ್ರಿಟನ್ ವೀಸಾಕ್ಕೆ ಬೇಕಾದ ಟಿಬಿ ಪರೀಕ್ಷೆ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿದರೆ ಸಾಕಾ?
— ಗೌರಿಬಿದನೂರಿನಿಂದ

ಉತ್ತರ: ಸಾಲದು. ಬ್ರಿಟನ್ ಸರ್ಕಾರ ಒಪ್ಪಿದ ಕ್ಲಿನಿಕ್‌ನಲ್ಲೇ ಆಗಬೇಕು, ಬೆಂಗಳೂರಿನಲ್ಲಿ ಇವೆ. ಪಾಸ್‌ಪೋರ್ಟ್ ತಗೊಂಡು ಹೋಗಿ, ಎದೆಯ ಎಕ್ಸ್‌ರೇ ತೆಗೆಯುತ್ತಾರೆ. ಸರ್ಟಿಫಿಕೇಟು ಆರು ತಿಂಗಳು ನಡೆಯುತ್ತದೆ. ಎಕ್ಸ್‌ರೇಯಲ್ಲಿ ಏನಾದರೂ ಅನುಮಾನ ಬಂದರೆ ಕಫ ಪರೀಕ್ಷೆಗೆ ಕಳಿಸುತ್ತಾರೆ, ಅದರ ವರದಿಗೆ ಎರಡು ತಿಂಗಳವರೆಗೂ ಕಾಯಬೇಕಾಗಬಹುದು. ಹಾಗಾಗಿ ಸಿಎಎಸ್ ಬರಲಿ ಅಂತ ಕಾಯುತ್ತಾ ಕೂರಬೇಡಿ, ಈ ಕೆಲಸ ಮೊದಲು ಮುಗಿಸಿ.