ಗೋಮುಖದಲ್ಲಿ ಹಿಮ ಎಲ್ಲಿ? ತಪೋವನಕ್ಕೆ ಎಷ್ಟು ದಿನ?

ಶಿರಸಿಯ ಓದುಗರೊಬ್ಬರು ಎರಡು ಪ್ರಶ್ನೆ ಕೇಳಿದ್ದಾರೆ. ಕಳೆದ ಸಂಚಿಕೆಯ ಗೋಮುಖದ (ಹಿಮನದಿಯ ಕೆಳತುದಿ, ಗಂಗೆ ಹೊರಬರುವ ಬಾಯಿ) ಚಿತ್ರದಲ್ಲಿ ಬರೀ ಕಲ್ಲು, ಮಣ್ಣು ಕಾಣುತ್ತಿದೆ, ಗಂಗೋತ್ರಿ ಹಿಮನದಿ ಕರಗಿಯೇ ಹೋಯಿತೇ? ಅರವತ್ತೆರಡರ ತಂದೆಯವರನ್ನು ಕರೆದುಕೊಂಡು ಡೆಹ್ರಾಡೂನ್‌ನಿಂದ ಮೂರು ದಿನದಲ್ಲಿ ಗೋಮುಖದ ಮೇಲಿನ ಹುಲ್ಲುಗಾವಲು ತಪೋವನ ತಲುಪಿ ಶಿವಲಿಂಗ ಶಿಖರ ನೋಡಬಹುದೇ?

ಹಿಮನದಿ ಅಲ್ಲೇ ಇದೆ, ಕಲ್ಲಿನ ಅಡಿಯಲ್ಲಿ. ಚೌಖಂಬಾ ಶಿಖರಗಳ ಬುಡದಿಂದ ಸುಮಾರು 30 ಕಿ.ಮೀ. ಇಳಿದು ಬರುವಾಗ ಇಕ್ಕೆಲದ ಪರ್ವತಗಳಿಂದ ಉರುಳಿದ ಬಂಡೆ, ಜಲ್ಲಿಯನ್ನೆಲ್ಲ ಅದು ಹೊತ್ತು ತರುತ್ತದೆ. ಕೆಳಗೆ ಬಂದಂತೆ ಮೇಲಿನ ಹಿಮ ಕರಗಿ ಕಲ್ಲು ಮಾತ್ರ ಉಳಿದು ಹೊದಿಕೆಯಾಗುತ್ತದೆ. ಒಂದೆರಡು ಸೆಂ.ಮೀ. ತೆಳು ಪದರವಾದರೆ ಕಲ್ಲು ಬಿಸಿಲು ಹೀರಿ ಹಿಮವನ್ನು ಇನ್ನಷ್ಟು ಬೇಗ ಕರಗಿಸುತ್ತದೆ. ದಪ್ಪವಾದರೆ ಮರದ ಹೊಟ್ಟಿನಲ್ಲಿ ಹುದುಗಿಸಿಟ್ಟ ಐಸ್ ಗಡ್ಡೆಯಂತೆ ಹಿಮ ಉಳಿಯುತ್ತದೆ. ಗೋಮುಖದ ಕಡಿದಾದ ಗೋಡೆಯಲ್ಲಿ ಕಲ್ಲು ನಿಲ್ಲದು. ಅಲ್ಲಿ ಮಣ್ಣಿನ ಪಟ್ಟೆಗಳ ನಡುವೆ ನೀಲಿ-ಬೂದು ಗಡ್ಡೆ ಬಯಲಾಗಿರುತ್ತದೆ. ಮಧ್ಯಾಹ್ನದ ಬಿಸಿಲಿಗೆ ಅದು ಸಡಿಲಗೊಂಡು ಬಂಡೆಸಮೇತ ಕುಸಿಯುತ್ತದೆ. ಗಂಗಾಜಲ ತುಂಬಿಕೊಳ್ಳಲು ಆ ಬಾಯಿಯ ಹತ್ತಿರ ಹೋಗಲೇಬೇಡಿ, ಅರ್ಧ ಕಿ.ಮೀ. ಕೆಳಗೂ ಅದೇ ನೀರು. ಹಿಮನದಿ ಹಿಂದೆ ಸರಿಯುತ್ತಿರುವುದಂತೂ ನಿಜ. 1935ರಲ್ಲಿ ಭೂವಿಜ್ಞಾನಿ ಆಡೆನ್ ನಕ್ಷೆ ಮಾಡಿದಾಗ ಇದ್ದ ಜಾಗದಿಂದ ಗೋಮುಖ ಒಂದು ಕಿ.ಮೀ.ಗೂ ಹೆಚ್ಚು ಮೇಲಕ್ಕೆ ಹೋಗಿದೆ. ನಮಗೆ ಇದು ನಿಜವಾಗಿಯೂ ಕಳವಳದ ವಿಷಯ.

ಎರಡನೇ ಪ್ರಶ್ನೆಗೆ ಉತ್ತರ: ಮೂರು ದಿನ ಸಾಲದು. ಮುಳ್ಳಯ್ಯನಗಿರಿ ಹತ್ತಿ ಅಭ್ಯಾಸ ಮಾಡಿದ್ದೇವೆ ಎಂದಿದ್ದೀರಿ. ಕಾಲಿಗೆ ಅದು ಒಳ್ಳೆಯದೇ, ಆದರೆ 1,900 ಮೀಟರ್ ಎತ್ತರ ಶ್ವಾಸಕೋಶಕ್ಕೆ ಏನೂ ಕಲಿಸದು. ತಪೋವನ ಸುಮಾರು 4,400 ಮೀಟರ್‌ನಲ್ಲಿದೆ, ಗಾಳಿಯ ಒತ್ತಡ ಸಮುದ್ರಮಟ್ಟದ ಶೇ. 60ಕ್ಕಿಂತ ಕಡಿಮೆ. ನೀರು 85 ಡಿಗ್ರಿ ಆಸುಪಾಸಿನಲ್ಲೇ ಕುದಿಯುವುದರಿಂದ ಕುಕ್ಕರ್ ಇಲ್ಲದೆ ಬೇಳೆಯೂ ಬೇಯದು.

ಮೊದಲ ರಾತ್ರಿ ಉತ್ತರಕಾಶಿ, ಎರಡನೆಯದು ಹರ್ಸಿಲ್, ಆಮೇಲೆ ಗಂಗೋತ್ರಿಯಲ್ಲಿ (3,100 ಮೀ.) ಎರಡು ರಾತ್ರಿ. ರಾಷ್ಟ್ರೀಯ ಉದ್ಯಾನಕ್ಕೆ ದಿನಕ್ಕೆ 150 ಮಂದಿಗಷ್ಟೇ ಪ್ರವೇಶ, ಆದ್ದರಿಂದ ಅರಣ್ಯ ಇಲಾಖೆಯ ಪರವಾನಗಿ ಮೊದಲೇ ಪಡೆಯಿರಿ. ಭೋಜ್‌ಬಾಸಾ (3,800 ಮೀ.) ಎಂಬ ತಂಗುದಾಣ ಗಂಗೋತ್ರಿಯಿಂದ 14 ಕಿ.ಮೀ. ಚೀರ್‌ಬಾಸಾ ಎಂಬ ನಡುದಾರಿಯ ತಾಣ ದಾಟಿದ ಮೇಲೆ ಕುಸಿತದ ಇಳಿಜಾರು ಸಿಗುತ್ತದೆ. ಮೇಲೆ ಮೇಯುವ ಭರಲ್ ಎಂಬ ಕಾಡುಕುರಿಗಳ ಕಾಲು ತಗುಲಿದರೂ ಸಾಕು, ಕಲ್ಲು ಉರುಳುತ್ತದೆ. ಅಲ್ಲಿ ಕೂರಬೇಡಿ, ಫೋಟೋಗೂ ನಿಲ್ಲಬೇಡಿ. ಒಂದೇ ದಿನಕ್ಕೆ 700 ಮೀಟರ್ ಏರಿರುತ್ತೀರಿ, ಹಾಗಾಗಿ ಭೋಜ್‌ಬಾಸಾದಲ್ಲೂ ದೇಹ ಆ ಎತ್ತರಕ್ಕೆ ಒಗ್ಗಲು ಎರಡು ರಾತ್ರಿ ಬೇಕೇಬೇಕು. ನಡುವಿನ ದಿನ ಗೋಮುಖದ ಕಡೆ ಹೋಗಿ ಬನ್ನಿ.

ತಲೆನೋವು, ವಾಕರಿಕೆ ಶುರುವಾದರೆ ಮೇಲೆ ಹೋಗಬಾರದು. ನೇರ ಗೆರೆಯ ಮೇಲೆ ನಡೆಯಲಾಗದೆ ತೂರಾಡಿದರೆ, ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ರಾತ್ರಿಯಾಗಿದ್ದರೂ ಕೆಳಗಿಳಿಸಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ವೈದ್ಯರನ್ನು ಕೇಳಿಯೇ ತೆಗೆದುಕೊಳ್ಳಿ. ತಂದೆಯವರಿಗೆ ಸಲ್ಫಾ ಔಷಧಿಗಳ ಅಲರ್ಜಿ ಇದ್ದರೆ ತಪ್ಪದೆ ಹೇಳಿ.

ತಪೋವನದ ಕೊನೆಯ ಏರು ಸಡಿಲ ಜಲ್ಲಿಯ ಕಡಿದಾದ ಇಳಿಜಾರು. ದಾರಿ ವರ್ಷವರ್ಷ ಬದಲಾಗುವುದರಿಂದ ಸ್ಥಳೀಯ ಗೈಡ್ ಅಗತ್ಯ. ನಸುಕಿನಲ್ಲೇ ಹೊರಡಿ, ಮಧ್ಯಾಹ್ನವಾದರೆ ತೊರೆಗಳು ಉಕ್ಕುತ್ತವೆ. 6,543 ಮೀಟರ್‌ನ ಶಿವಲಿಂಗ ಅಲ್ಲಿಂದ ಒಂಟಿ ಮೊನೆಯಾಗಿ ಕಾಣುತ್ತದೆ, ಆದರೆ ಅದಕ್ಕೆ ಎರಡು ತುದಿಗಳಿವೆ. 1974ರಲ್ಲಿ ಐಟಿಬಿಪಿ (ಭಾರತ-ಟಿಬೆಟ್ ಗಡಿ ಪೊಲೀಸ್) ತಂಡ ಮೊದಲು ಏರಿದ್ದು ಎತ್ತರದ ತುದಿಯನ್ನು.

ತಂದೆಯವರಿಗೆ ನಮ್ಮ ಸಲಹೆ ಇಷ್ಟೆ: ಭೋಜ್‌ಬಾಸಾದಲ್ಲಿ ಉಳಿದು ಗೋಮುಖದ ದಾರಿಯಿಂದಲೇ ಶಿವಲಿಂಗ ನೋಡಲಿ. ಸೆಪ್ಟೆಂಬರ್ ಕೊನೆಯಲ್ಲಿ ಹೊರಟರೆ ಮಳೆ ಕಳೆದು ಆಕಾಶ ತಿಳಿಯಾಗಿರುವ ಸಂಭವ ಹೆಚ್ಚು.